ದೈವದ ಮುಂದ ಫಕೀರವ್ವ

ಕುಂದರ್ತೀನಿ, ತಡೀರಿ. ಕಾಲು ಬಾತಾವು.
ಕಟ್ಟಿ ಮ್ಯಾಲ ಬ್ಯಾಡ, ನಿಮಗ ಮೈಲಿಗಿ ಆದೀತು.
ಇಲ್ಲೇ ನೆಲದ ಮ್ಯಾಲ, ಎರಿ ಮಣ್ಣಾಗ.
ಕೌಲು ಹಿಡದು ಬಂದಾಗ ಇದೆಲ್ಲಾ ಜಾಲಿ, ನೆನಪೈತೇನ್ರಿ?
ಐದು ವರ್ಷ ಕಂದಾಯ ಮಾಫಿ ಅಂತ ಡಂಬಳದ ಕಡೀಂದ
ಒಂಬತ್ತು ಮನಿ ಬಂದ್ವಿ. ಮುಳ್ಳು ಕಡದ ಕೈ ಇವು.
ಬೇಲಿ ಮುಗದಲ್ಲಿಗೆ ಊರು ಮುಗೀತಿತ್ತು,
ಆಚಿ ಯಾರ ರಾಜ್ಯ ಅಂತ ತೋಳಕ್ಕೂ ಗೊತ್ತಿರಲಿಲ್ಲ.

ಎಳ್ಳಮಾಸಿ ಚರಗ ಚೆಲ್ಲಿ ಎರಡು ದಿನ ಆಗಿತ್ತು.
ಗುಡ್ಡದ ಸೆರಗಿನ್ಯಾಗ ಧೂಳು ಎದ್ದಿತು.
ದನದ ಧೂಳು ಮೆಲ್ಲಕ ಏಳತೈತಿ,
ಇದು ಓಡಿ ಬಂತು.
ಗೌಡ್ರ ಹಗೇವು ಖಾಲಿ ಇತ್ತು. ದೀಪ ಇಳಿಸಿ ನೋಡಿದ್ವಿ, ಆರಲಿಲ್ಲ.
ಒಬ್ಬೊಬ್ಬರ ಇಳದ್ರಿ: ಹುಡುಗ್ರು, ಬಾಣಂತಿ, ನಮ್ಮ ಮಾವ,
ಹೆಗಲ ಮ್ಯಾಲ ಕೊಡ್ಲಿ ಇಟ್ಕೊಂಡು ನನ್ನ ಗಂಡ.
ಹಗೇವಿನ ಕಲ್ಲು ಒಳಗಿಂದ ಮುಚ್ಚಾಕ ಬರೂದಿಲ್ಲ.
ಯಾರರ ಒಬ್ರು ಹೊರಗ ಉಳೀಬೇಕು.
ಯಾರೂ ಏನೂ ಅನಲಿಲ್ಲ.
ಕತ್ತಲಾಗಿಂದ ಕಣ್ಣಷ್ಟ ನನ್ನ ಕಡೆ ನೋಡಿದವು.

ಕಲ್ಲು ಎಳದೆ. ಉಸರಿಗೆ ಬೆರಳಷ್ಟು ಸಂದಿ ಬಿಟ್ಟು
ಮ್ಯಾಲ ಕಣಿಕಿ ಹಾಸಿ ಬಣವಿ ಹಿಂದ ಅಡಗಿದೆ.
ಆ ಕಣಿಕಿ ತಿನ್ನಾಕ ಬಂದ್ವಲ್ರಿ ಪೆಂಢಾರ್ಯಾರ ಕುದುರಿ!
ಹೈ ಹೈ ಅಂತ ಓಡಿಸಾಕ ಎದ್ದೆ.
ಹಂಗ ಸಿಕ್ಕೆ.

ಊರವರೆಲ್ಲಿ ಅಂದ್ರು, ಕಾಳೆಲ್ಲಿ ಅಂದ್ರು.
ಕುದುರಿ ತೋಬ್ರಿಯೊಳಗ ಬಿಸಿ ಬೂದಿ ತುಂಬಿ
ಮಾರಿಗೆ ಕಟ್ಟಿ ಬೆನ್ನಿಗೆ ಗುದ್ದಿದ್ರು.
ಗುದ್ದಿದಾಗ ಉಸರು ಎಳೀಲೇಬೇಕಾಕ್ಕೈತಿ.
ನಿನ್ನ ದನಿ ಹಿಂಗ್ಯಾಕ ಆತು ಅಂತ ಈಗ ಕೇಳಿದ್ರೆಲ್ಲ,
ಅದಕ್ಕ.

ಅಲ್ಲಿ? ಅಲ್ಲಿ ರೊಟ್ಟಿ ಬಡದೆ. ಲದ್ದಿ ಬಳದೆ.
ಲೂಟಿ ತಂದ ಸೀರಿ ಒಣಾ ಹಾಕಿದೆ,
ಅದರಾಗ ಒಂದು ನಮ್ಮ ನೆಗೆಣ್ಣಿದು, ಇಲಕಲ್ಲದ್ದು.
ಅವರಾಗ ಎಲ್ಲಾ ಜಾತಿಯವರೂ ಅದಾರ. ನಮ್ಮವರೂ.
ಹೆಸರು ಹೇಳ್ಲೇನು? ಬ್ಯಾಡಂತೀರಿ.

ಗುಲಬಿ ಅಂತ ಒಬ್ಬಾಕಿ ಇದ್ಲು. ಮೊದಲಿನ ಹೆಸರು ಹೇಳಲಿಲ್ಲ.
ನವಲಗುಂದದಾಕಿ, ಮಾತಿನ ಮ್ಯಾಲ ಗುರ್ತು ಹಿಡದೆ.
ಹನ್ನೆರಡು ವರ್ಷದ ಹಿಂದ ತಂದಿದ್ರಂತ. ಈಗ ಮೂರು ಮಕ್ಳು.
ಅವರಾತ್ರಿ ಅಮಾಸಿ ಕತ್ತಲದಾಗ ಕುಡಗೋಲು ಕೊಟ್ಟು
ಕಡೇ ಗೂಟದ ತಟ್ಟು ತೋರಿಸಿದ್ಲು:
"ಇದು ಕುಂಟತೈತಿ, ಇದನ್ನ ಹುಡಿಕ್ಕೊಂಡು ಯಾರೂ ಬರಂಗಿಲ್ಲ."
ನೀನೂ ಬಾ ಅಂದೆ.
"ಬಂದು ಏನಂತ ಹೇಳ್ಲಿ" ಅಂದ್ಲು.
ಆವತ್ತು ನನಗ ತಿಳೀಲಿಲ್ಲ.

ಕೊರ್ಲಹಳ್ಳಿ ಕೆಳಗ ತಟ್ಟಿನ ಬಾಲ ಹಿಡದು ಹೊಳಿ ದಾಟಿದೆ.
ಕಪ್ಪತಗುಡ್ಡ ಎಡಕ್ಕಿಟ್ಟು ಮೂರು ರಾತ್ರಿ.
ಹಗಲೆಲ್ಲಾ ಜ್ವಾಳದಾಗ ಮಲಗಿದೆ, ಅಕ್ಕಡಿ ಕುಸುಬಿ ಮುಳ್ಳು ಮೈತುಂಬ.
ಹಕ್ಕಿ ಕಾಯೋ ಹುಡುಗ ಕವಣಿ ಬೀಸಿದಾಗೆಲ್ಲಾ
ಕಲ್ಲು ಸುಂಯ್ ಅಂತ ತಲಿ ಮ್ಯಾಲ ಹಾಯ್ತಿದ್ವು.
ತೆನಿ ತಿಕ್ಕಿ ಹಸೀ ಕಾಳು ತಿಂದೆ. ಯಾರದೋ ಹೊಲ.
ಆ ತಪ್ಪು ಒಪ್ಪತೀನಿ, ಬರಕೋರಿ.

ನೀವು ಕೇಳೂದು ಇದ್ಯಾವುದೂ ಅಲ್ಲ, ಗೊತ್ತೈತಿ.
ಗೌಡ್ರು ಕೆಮ್ಮಿ ಕೆಮ್ಮಿ ಕೇಳಾಕತ್ತಿದ್ದು ಬ್ಯಾರೆ.
ನನ್ನ ಗಂಡ ನೆಲಾ ಕೆದರಕೋಂತ
ಕೇಳದನ ಕೇಳಾಕತ್ತಿದ್ದು ಬ್ಯಾರೆ.
ಬೂದಿ ಕಟ್ಟಿ ಕೇಳಿದಾಗ ಬಾಯಿ ಬಿಡಲಿಲ್ಲ ನಾನು.
ಬಿಟ್ಟಿದ್ರ ಈ ಕಟ್ಟಿ ಮ್ಯಾಲ ಕುಂದ್ರಾಕ ಎಷ್ಟು ಮಂದಿ ಇರ್ತಿದ್ರಿ, ಎಣಿಸ್ರಿ.
ಅದ ಬಾಯಿ ಇದು.

ನಂದೂ ಒಂದು ಮಾತೈತಿ, ದೈವ ಹೇಳ್ಲಿ:
ಬೆರಳಷ್ಟು ಸಂದಿ ಬಿಟ್ಟಿದ್ನೆಲ್ಲ,
ನಾ ಒದರಿದ್ದು ಒಳಗ ಕೇಳಸ್ತೇನು?

ವಿಚಾರ ಮಾಡ್ರಿ, ಅವಸರಿಲ್ಲ.
ಅಷ್ಟರಾಗ ತಟ್ಟಿಗೆ ನೀರು ಕುಡಿಸಿ ಬರ್ತೀನಿ.
ಅದು ಹುಟ್ಟು ಕುಂಟಲ್ಲ. ನಿನ್ನೆ ರಾತ್ರಿ ಕೈಯಾಡಿಸಿದಾಗ ಗೊತ್ತಾತು,
ಮುಂಗಾಲ ಗೊರಸಿನ್ಯಾಗ ಹಳೇ ಜಾಲಿಮುಳ್ಳು.
ಯಾರರ ಒಂದು ಚಿಮಟಿಗಿ ಕೊಡ್ರಿ.